ಮುದಿ ಹಸುವಿನ ದಾನ

ವಿದ್ಯುತ್ತಿನ ಬಿಲ್ಲನ್ನು ಮುಂದಿಟ್ಟುಕೊಂಡು ಧರ್ಮಾಧರ್ಮಗಳ ಚರ್ಚೆಗೆ ಕೂಡುವ ಪ್ರಸಂಗ ನಮಗೆ ಬಂದೀತೆಂದು ನಾವು ಎಂದೂ ಎಣಿಸಿರಲಿಲ್ಲ. ಅದೂ ನಮ್ಮ ಬಿಲ್ಲಲ್ಲ, ಇನ್ನೊಬ್ಬರದು.

ನಡೆದದ್ದು ಇಷ್ಟು. ಕಳೆದ ದೀಪಾವಳಿಗೆ ನಾವು ಹೊಸ ಫ್ರಿಜ್ ಕೊಂಡೆವು. ಹಳೆಯದು ಕೆಟ್ಟಿರಲಿಲ್ಲ. ಇಪ್ಪತ್ತು ವರ್ಷ ದುಡಿದಿತ್ತು. ಬಾಗಿಲಿನ ರಬ್ಬರು ಸಡಿಲಾಗಿತ್ತು, ಹಿಂದಿನ ಯಂತ್ರ ಗುರುಗುಟ್ಟುವುದನ್ನು ನಿಲ್ಲಿಸುತ್ತಲೇ ಇರಲಿಲ್ಲ, ಅಷ್ಟೇ. ಪರಿಚಯದ ಎಲೆಕ್ಟ್ರಿಶಿಯನ್ ಒಬ್ಬರು ಒಂದು ಪುಟ್ಟ ಮೀಟರನ್ನು ಅದರ ಪ್ಲಗ್ಗಿಗೆ ಸಿಕ್ಕಿಸಿ, ಒಂದು ಹಗಲು ಒಂದು ರಾತ್ರಿ ಕಳೆದ ಮೇಲೆ ಅಂಕಿ ತೋರಿಸಿದರು: 1.6 ಯೂನಿಟ್. ವರ್ಷಕ್ಕೆ ಗುಣಿಸಿದರೆ 580ರ ಮೇಲೆ ಹೋಯಿತು. ಅಂಗಡಿಯಲ್ಲಿ ನಾವು ಮೆಚ್ಚಿದ, ಹೆಚ್ಚುಕಡಿಮೆ ಅಷ್ಟೇ ಗಾತ್ರದ, ಐದು ನಕ್ಷತ್ರದ ಫ್ರಿಜ್ಜಿನ ಚೀಟಿಯ ಮೇಲೆ ವರ್ಷಕ್ಕೆ 180 ಯೂನಿಟ್ ಎಂದು ಅಚ್ಚಾಗಿತ್ತು. ನಾನೂರು ಯೂನಿಟ್ಟಿನ ಉಳಿತಾಯ! ಒಂದು ಯೂನಿಟ್ಟಿಗೆ ಅರ್ಧದಿಂದ ಮುಕ್ಕಾಲು ಕಿಲೋ ಕಲ್ಲಿದ್ದಲು ಸುಡಬೇಕಾಗುತ್ತದೆ ಎಂದು ಓದಿದ್ದೆವು. ಅಂದರೆ ವರ್ಷಕ್ಕೆ ನಾಲ್ಕೈದು ಮೂಟೆ ಕಲ್ಲಿದ್ದಲನ್ನು ನೆಲದಲ್ಲೇ ಉಳಿಸಿದ ಪುಣ್ಯ ನಮ್ಮದಾಯಿತು. ಹಣವೂ ಉಳಿಯುತ್ತದೆ, ಪುಣ್ಯವೂ ಬರುತ್ತದೆ. ಇಂಥ ವ್ಯಾಪಾರ ಲೋಕದಲ್ಲಿ ಅಪರೂಪ.

ಹಳೆಯದನ್ನು ಏನು ಮಾಡುವುದು? ಅಂಗಡಿಯವರು ಸಾವಿರದ ಐನೂರು ರೂಪಾಯಿಗೆ ತೆಗೆದುಕೊಳ್ಳಲು ಸಿದ್ಧರಿದ್ದರು. ನಾವು ಒಪ್ಪಲಿಲ್ಲ. ನಮ್ಮ ಮನೆಗೆಲಸಕ್ಕೆ ಬರುವ ಹೆಣ್ಣುಮಗಳು ಕಲಬುರಗಿ ಜಿಲ್ಲೆಯವಳು. ಬರಗಾಲದ ವರ್ಷವೊಂದರಲ್ಲಿ ಗಂಡನೊಂದಿಗೆ ಪುಣೆಗೆ ಬಂದು, ಪರ್ವತಿ ಗುಡ್ಡದ ಇಳಿಜಾರಿನ ವಸತಿಯಲ್ಲಿ ಸಂಸಾರ ಹೂಡಿದವಳು. ಮನೆಯಲ್ಲಿ ಅತ್ತೆಗೆ ಸಕ್ಕರೆ ಕಾಯಿಲೆ. ಇನ್ಸುಲಿನ್ ಸೀಸೆಯನ್ನು ಮಣ್ಣಿನ ಮಡಕೆಯ ನೀರಿನಲ್ಲಿ ಇಳಿಬಿಟ್ಟು ಕಾಪಾಡುತ್ತಿದ್ದಳು. ಫ್ರಿಜ್ಜನ್ನು ಆಕೆಗೇ ಕೊಟ್ಟೆವು. ಟೆಂಪೋ ಬಾಡಿಗೆಯನ್ನೂ ನಾವೇ ತೆತ್ತೆವು. ಅಂದು ರಾತ್ರಿ ನಮಗೆ ಒಳ್ಳೆಯ ನಿದ್ದೆ ಬಂತೆಂದು ಬೇರೆ ಹೇಳಬೇಕಾಗಿಲ್ಲ.

ಫೆಬ್ರವರಿಯಲ್ಲಿ ಒಂದು ದಿನ ಆಕೆ ಸೆರಗಿನ ಗಂಟಿನಿಂದ ಬಿಲ್ಲು ತೆಗೆದು ಮೇಜಿನ ಮೇಲಿಟ್ಟಳು. ಓದಿ ಹೇಳಿರೆಂದು ಕೇಳುವ ನೆಪ.

“ಅಕ್ಕಾರ, ಫ್ರಿಜ್ ಭಾಳ ಛಲೋ ಅದ ರೀ. ಆದ್ರ ಅದು ನಮ್ಮಕಿಂತ ಜಾಸ್ತಿ ಉಣ್ತದ ನೋಡ್ರಿ” ಎಂದಳು.

ಮೊದಲು ತಿಂಗಳಿಗೆ 85 ಯೂನಿಟ್ಟಿನ ಆಸುಪಾಸಿನಲ್ಲಿದ್ದ ಬಿಲ್ಲು 133ಕ್ಕೆ ಏರಿತ್ತು. ನಲವತ್ತೆಂಟು ಯೂನಿಟ್ ಹೆಚ್ಚಾದರೆ ಎಷ್ಟು ಮಹಾ ಎನ್ನುವಂತಿಲ್ಲ. ಮಹಾವಿತರಣದ ದರಪಟ್ಟಿ ನೋಡಿದವರಿಗೆ ಗೊತ್ತು, ನೂರು ಯೂನಿಟ್ಟಿನವರೆಗೆ ಒಂದು ದರ. ನೂರು ದಾಟಿದ ಯೂನಿಟ್ಟಿಗೆ ಹೆಚ್ಚುಕಡಿಮೆ ಅದರ ಎರಡು ಪಟ್ಟು. ಬಡವರ ದೀಪಕ್ಕೆ ಅಗ್ಗದ ವಿದ್ಯುತ್ತು, ಉಳ್ಳವರ ಭೋಗಕ್ಕೆ ತುಟ್ಟಿ ವಿದ್ಯುತ್ತು ಎಂಬ ಸದುದ್ದೇಶದ ವ್ಯವಸ್ಥೆ ಅದು. ನಮ್ಮ ಫ್ರಿಜ್ಜು ಆ ಬಡ ಸಂಸಾರವನ್ನು ಅನಾಮತ್ತು ಎತ್ತಿ ಉಳ್ಳವರ ಸಾಲಿನಲ್ಲಿ ಕೂಡಿಸಿಬಿಟ್ಟಿತ್ತು. ತಿಂಗಳಿಗೆ ಐನೂರು ರೂಪಾಯಿಯ ಹತ್ತಿರ ಹೊಸ ಹೊರೆ. ಖರ್ಚು ತಗ್ಗಿಸಲು ಆಕೆ ರಾತ್ರಿ ಹತ್ತರಿಂದ ಬೆಳಗಿನವರೆಗೆ ಅದನ್ನು ಆರಿಸಿಡುತ್ತಿದ್ದಳಂತೆ. ಹಾಲು ಒಡೆಯಿತು. ಇನ್ಸುಲಿನ್ನಿನ ಗತಿ ಏನಾಯಿತೋ, ಕೇಳುವ ಧೈರ್ಯ ನಮಗಾಗಲಿಲ್ಲ.

ಕಠೋಪನಿಷತ್ತಿನ ಕಥೆ ಅಂದು ನೆನಪಾಯಿತು. ನಚಿಕೇತನ ತಂದೆ ವಿಶ್ವಜಿತ್ ಯಾಗ ಮಾಡಿದ. ಇದ್ದುದೆಲ್ಲವನ್ನೂ ಕೊಡಬೇಕಾದ ಯಾಗ ಅದು. ಆದರೆ ದಕ್ಷಿಣೆಯ ಸಾಲಿನಲ್ಲಿ ನಿಂತವು ಹಾಲು ಬತ್ತಿದ ಮುದಿ ಹಸುಗಳು. ಹುಡುಗನಿಗೆ ಕಸಿವಿಸಿಯಾಯಿತು, ನನ್ನನ್ನು ಯಾರಿಗೆ ಕೊಡುತ್ತೀ ಎಂದು ಕೇಳಿದ, ಮುಂದಿನದು ಎಲ್ಲರಿಗೂ ಗೊತ್ತು. ನಾವು ಆ ಕಥೆಯನ್ನು ಚಿಕ್ಕಂದಿನಿಂದ ಕೇಳಿದ್ದೇವೆ, ಯಮಧರ್ಮನ ಬಾಗಿಲಿನ ಕಡೆಗೇ ನಮ್ಮ ಲಕ್ಷ್ಯ ಓಡುತ್ತಿತ್ತು. ಆ ಹಸುಗಳನ್ನು ಹೊಡೆದುಕೊಂಡು ಮನೆಗೆ ಹೋದ ಬ್ರಾಹ್ಮಣರ ಹಿತ್ತಲಲ್ಲಿ ಮುಂದೇನಾಯಿತು ಎಂದು ಕೇಳಿದವರಿಲ್ಲ. ನಿಜ ಹೇಳಬೇಕೆಂದರೆ ನಮ್ಮ ದಾನ ಅದಕ್ಕಿಂತ ಒಂದು ತೂಕ ಕಡಿಮೆಯೇ. ಆತನ ಹಸುಗಳಾದರೂ ಮೇಯುವ ಶಕ್ತಿಯನ್ನೇ ಕಳೆದುಕೊಂಡಿದ್ದವು. ನಾವು ಕೊಟ್ಟ ಹಸು ಹಗಲೂ ರಾತ್ರಿ ಮೇಯುತ್ತಿತ್ತು.

ಇನ್ನೊಂದು ಲೆಕ್ಕವೂ ತಪ್ಪಿತ್ತು. ನಾಲ್ಕೈದು ಮೂಟೆ ಕಲ್ಲಿದ್ದಲನ್ನು ಉಳಿಸಿದೆವೆಂದು ಬೀಗಿದ್ದೆವಲ್ಲ, ಎಲ್ಲಿ ಉಳಿಯಿತು? ಹಳೆಯದು ಓಡುತ್ತಲೇ ಇತ್ತು, ಮನೆ ಮಾತ್ರ ಬದಲಾಗಿತ್ತು. ಅದರ ಜೊತೆಗೆ ನಮ್ಮ ಹೊಸದೂ ಓಡತೊಡಗಿತ್ತು. ಉಳಿದದ್ದು ನಮ್ಮ ಬಿಲ್ಲಿನಲ್ಲಿ ಮಾತ್ರ. ಅಂಗಡಿಯವರಿಗೆ ಸಾವಿರದ ಐನೂರಕ್ಕೆ ಕೊಟ್ಟಿದ್ದರೂ ಇದೇ ಆಗುತ್ತಿತ್ತು. ಅವರು ಬಣ್ಣ ಹೊಡೆಸಿ ಇನ್ನೊಬ್ಬ ಬಡವನಿಗೆ ಮಾರುತ್ತಿದ್ದರು. ಜುನಾ ಬಾಜಾರಕ್ಕೆ ರವಿವಾರ ಒಂದು ಸುತ್ತು ಹಾಕಿ ಬಂದರೆ ಸಾಕು, ಈ ನಗರದ ಮಧ್ಯಮವರ್ಗ ತನ್ನ ಹಳೆಯ ಹಸುಗಳನ್ನು ಎಲ್ಲಿ ಕಟ್ಟಿಹಾಕುತ್ತದೆ ಎಂಬುದು ತಿಳಿಯುತ್ತದೆ.

ಇಲ್ಲಿ ನಮ್ಮ ಮಿತ್ರರೊಬ್ಬರ ಆಕ್ಷೇಪಣೆಯನ್ನು ಹೇಳಲೇಬೇಕು. “ನೀವು ವಿನಾಕಾರಣ ಕೊರಗುತ್ತೀರಿ. ವಿದ್ಯುತ್ತು ಎನ್ನುವುದು ಅಕ್ಕಿ ಬೇಳೆಯಂತೆ ಒಂದು ಸರಕು. ಹಣ ಕೊಟ್ಟವರು ಬಳಸುತ್ತಾರೆ. ಹೆಚ್ಚು ಬಳಸಿದವರು ಹೆಚ್ಚು ಕೊಡುತ್ತಾರೆ. ಇದರಲ್ಲಿ ಪಾಪ ಪುಣ್ಯ ಎಲ್ಲಿ ಬಂತು?” ಎಂದರು ಅವರು. ಮೇಲುನೋಟಕ್ಕೆ ಒಪ್ಪುವ ಮಾತು. ಆದರೆ ಪುಣೆಯಲ್ಲಿ ಬದುಕುವವರು ಈ ಮಾತನ್ನು ಅಷ್ಟು ಸಲೀಸಾಗಿ ಆಡಬಾರದು ಎಂದು ನಮ್ಮ ಅಭಿಪ್ರಾಯ.

ಪೌಡ ರಸ್ತೆ ಹಿಡಿದು ಪಶ್ಚಿಮಕ್ಕೆ ಹೋದರೆ ಮುಳಶಿಯ ಜಲಾಶಯ ಸಿಗುತ್ತದೆ. ಮಳೆಗಾಲದಲ್ಲಿ ನಾವೆಲ್ಲ ಬುತ್ತಿ ಕಟ್ಟಿಕೊಂಡು ಹೋಗಿ ಹಸಿರು ನೋಡಿ ಬರುವ ಜಾಗ. ಮುಂಬಯಿಯ ಗಿರಣಿಗಳಿಗೆ ವಿದ್ಯುತ್ತು ಬೇಕೆಂದು ಟಾಟಾ ಕಂಪನಿ ಅಲ್ಲಿ ಅಣೆಕಟ್ಟು ಕಟ್ಟಲು ಹೊರಟಾಗ, ಕಣಿವೆಯ ಮಾವಳ ರೈತರು 1921ರಲ್ಲಿ ಸತ್ಯಾಗ್ರಹ ಹೂಡಿದರು. ಅವರ ಮುಂದೆ ನಿಂತವರು ಪಾಂಡುರಂಗ ಮಹಾದೇವ ಬಾಪಟರು. ಸೇನಾಪತಿ ಎಂಬ ಬಿರುದು ಅವರಿಗೆ ಬಂದದ್ದು ಆ ಹೋರಾಟದಿಂದ. ಮೂರು ವರ್ಷ ನಡೆದ ಹೋರಾಟ ಸೋತಿತು. ಬಾಪಟರು ಸೆರೆಮನೆಗೆ ಹೋದರು. ಭತ್ತದ ಗದ್ದೆಗಳು ನೀರಿನ ಅಡಿಗೆ ಹೋದವು. ಆ ನೀರು ಇಂದಿಗೂ ಸಹ್ಯಾದ್ರಿಯ ಆಚೆ ಕೊಂಕಣದ ಭಿರಾಕ್ಕೆ ಧುಮುಕಿ ಮುಂಬಯಿಗೆ ವಿದ್ಯುತ್ತಾಗುತ್ತದೆ. ಆ ರೈತರು ಹಣ ಕೊಟ್ಟು ವಿದ್ಯುತ್ತು ಕೊಂಡವರಲ್ಲ. ಆದರೂ ಬೆಲೆ ತೆತ್ತರು. ನಮ್ಮ ಬಿಲ್ಲಿನಲ್ಲಿ ಸ್ಥಿರ ಆಕಾರ, ವಹನ ಆಕಾರ, ಶುಲ್ಕ ಎಂದೆಲ್ಲ ಸಾಲುಗಳಿವೆ, ಈ ಬೆಲೆಗೆ ಸಾಲಿಲ್ಲ. ಸೇನಾಪತಿ ಬಾಪಟ ರಸ್ತೆಯ ಎರಡೂ ಬದಿಗೆ ಇಂದು ಗಾಜಿನ ಕಟ್ಟಡಗಳು ಹಗಲಿಡೀ ತಣ್ಣಗೆ ಕುಳಿತಿರುವುದನ್ನು ಕಂಡರೆ ಆ ಹಿರಿಯರು ಏನೆನ್ನುತ್ತಿದ್ದರೋ ಎಂದು ನಮಗೆ ಎಷ್ಟೋ ಸಲ ಅನಿಸಿದೆ.

ನಮ್ಮ ತಾಯ್ನಾಡಿನ ಕಥೆಯೂ ಬೇರೆಯಲ್ಲ. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಕೋಲಾರದ ಚಿನ್ನದ ಗಣಿಗೆ ಹರಿದ ಹೆಮ್ಮೆ ನಮಗೆಲ್ಲ ಇದೆ. 1964ರಲ್ಲಿ ಲಿಂಗನಮಕ್ಕಿ ತುಂಬಿದಾಗ ಮುಳುಗಿದ ಊರುಗಳ ಜನ, ಅವರ ಮಕ್ಕಳು, ಮೊಮ್ಮಕ್ಕಳು ಕೊಟ್ಟ ಭೂಮಿಯ ಹಕ್ಕುಪತ್ರಕ್ಕಾಗಿ ಇನ್ನೂ ಅಲೆಯುತ್ತಿರುವ ವಿಷಯ ಬಂದರೆ ಮಾತು ಬದಲಿಸುತ್ತೇವೆ. ಕಲ್ಲಿದ್ದಲಿನ ವಿದ್ಯುತ್ತಿಗೆ ಬಂದರೆ ಚಂದ್ರಪುರದಲ್ಲಿ, ರಾಯಚೂರಿನ ಶಕ್ತಿನಗರದಲ್ಲಿ ಬೂದಿ ಬೀಳುವುದು ಅಲ್ಲಿಯವರ ಅಂಗಳದಲ್ಲಿ, ದೀಪ ಉರಿಯುವುದು ನಮ್ಮ ಮನೆಯಲ್ಲಿ. 2006ರಲ್ಲಿ ಮಹಾರಾಷ್ಟ್ರದ ಹಳ್ಳಿಗಳು ದಿನಕ್ಕೆ ಹಲವು ತಾಸು ಕತ್ತಲಲ್ಲಿದ್ದಾಗ, ಪುಣೆ ಮಾತ್ರ ಕಾರಖಾನೆಗಳ ಸ್ವಂತ ಜನರೇಟರುಗಳ ನೆರವಿನಿಂದ, ಹೆಚ್ಚು ಬಳಸುವ ಗ್ರಾಹಕರಿಂದ ಹೆಚ್ಚಿನ ದರ ವಸೂಲು ಮಾಡಿ ಲೋಡ್‌ಶೆಡ್ಡಿಂಗಿನಿಂದ ಪಾರಾಯಿತು. ‘ಪುಣೆ ಮಾದರಿ’ ಎಂದು ಆಗ ಪತ್ರಿಕೆಗಳು ಕೊಂಡಾಡಿದವು. ನಾವೂ ಖುಷಿಪಟ್ಟವರೇ. ಮಿತ್ರರ ‘ಹಣ ಕೊಟ್ಟವರು ಬಳಸುತ್ತಾರೆ’ ಎಂಬ ಸೂತ್ರ ಒಂದು ಇಡೀ ನಗರಕ್ಕೆ ಅನ್ವಯವಾದಾಗ ಹೇಗೆ ಕಾಣುತ್ತದೆ ಎಂಬುದು ಅಲ್ಲಿ ಗೊತ್ತಾಯಿತು.

ಹಾಗಾದರೆ ದೀಪ ಆರಿಸಿ ಕತ್ತಲಲ್ಲಿ ಕೂಡಬೇಕೇ? ಅದೂ ಅಲ್ಲ. ಈ ವಿಷಯದಲ್ಲಿ ನಮಗೆ ದಾರಿ ತೋರಿಸಿದವರು ನಮ್ಮವರೇ ಆದ ಅಮೂಲ್ಯ ರೆಡ್ಡಿಯವರು. ಬೆಂಗಳೂರಿನ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ‘ಅಸ್ತ್ರ’ ಎಂಬ ಗ್ರಾಮೀಣ ತಂತ್ರಜ್ಞಾನದ ಕೇಂದ್ರವನ್ನು ಕಟ್ಟಿದವರು. ಅಲ್ಲಿಂದ ಹೊರಟ ಅಸ್ತ್ರ ಒಲೆ ಎಂಬತ್ತರ ದಶಕದಲ್ಲಿ ಕರ್ನಾಟಕದ ಎಷ್ಟೋ ಅಡುಗೆಮನೆಗಳ ಹೊಗೆಯನ್ನು ಕೊಳವೆಯಲ್ಲಿ ಹೊರಗೆ ಕಳಿಸಿ, ಸೌದೆಯ ಹೊರೆಯನ್ನೂ ಇಳಿಸಿತು. ಅವರು ಹೇಳುತ್ತಿದ್ದುದರ ತಾತ್ಪರ್ಯ ಸರಳ. ಯಾರಿಗೂ ಬೇಕಾದದ್ದು ಸೌದೆಯಲ್ಲ, ಬೆಂದ ಅನ್ನ; ಯೂನಿಟ್ಟಲ್ಲ, ಬೆಳಕು ಮತ್ತು ಗಾಳಿ. ಅನ್ನ, ಬೆಳಕು, ಗಾಳಿಯನ್ನು ಒಂದಿಷ್ಟೂ ಕಡಿಮೆ ಮಾಡದೆ ಕಡಿಮೆ ಶಕ್ತಿಯಲ್ಲಿ ಒದಗಿಸಬಹುದಾದರೆ, ಹೊಸ ಅಣೆಕಟ್ಟಿನ ಮಾತು ಎತ್ತುವ ಮೊದಲು ಆ ಕೆಲಸ ಆಗಬೇಕು. 1990ರ ಸುಮಾರಿಗೆ ಅವರು ಮತ್ತು ಸಂಗಡಿಗರು ಕರ್ನಾಟಕಕ್ಕೆ 2000ನೇ ಇಸವಿಗೆ ಬೇಕಾಗುವ ವಿದ್ಯುತ್ತನ್ನು ಈ ದೃಷ್ಟಿಯಿಂದ ಲೆಕ್ಕ ಹಾಕಿದಾಗ, ಸರಕಾರಿ ಸಮಿತಿಯ ಅಂದಾಜಿನ ಅರ್ಧಕ್ಕಿಂತ ಕಡಿಮೆ ಸಾಕೆಂದು ಬಂತು. ಬಡವರ ಮನೆಗೆ ದೀಪ ಬರುವುದನ್ನೂ ಸೇರಿಸಿಯೇ ಆ ಲೆಕ್ಕ. ಪುಣೆಯಲ್ಲಿ ಇದೇ ಜಾಡಿನ ಕೆಲಸವನ್ನು ‘ಪ್ರಯಾಸ’ ಸಂಸ್ಥೆಯ ಗಿರೀಶ ಸಂತರು 2012ರಲ್ಲಿ ತೀರಿಕೊಳ್ಳುವವರೆಗೆ ಮಾಡಿದರು. ಸಂಸ್ಥೆ ಇಂದಿಗೂ ಮಾಡುತ್ತಿದೆ.

ತಲೆಯ ಮೇಲೆ ತಿರುಗುವ ಫ್ಯಾನನ್ನೇ ನೋಡಿ. ಹಳೆಯ ಮಾದರಿಯದು ಸುಮಾರು 75 ವ್ಯಾಟ್ ತಿನ್ನುತ್ತದೆ. ಒಳಗೆ ಕಾಯಂ ಅಯಸ್ಕಾಂತವಿಟ್ಟು ಎಲೆಕ್ಟ್ರಾನಿಕ್ ಚೂರೊಂದರಿಂದ ನಡೆಸುವ ಹೊಸ ಮಾದರಿಯದು ಅಷ್ಟೇ ಗಾಳಿಗೆ 30 ವ್ಯಾಟಿನ ಆಸುಪಾಸು. ದಿನಕ್ಕೆ ಹದಿನೈದು ತಾಸು, ವರ್ಷದಲ್ಲಿ ಎಂಟು ತಿಂಗಳು ತಿರುಗಿದರೆ ಒಂದು ಫ್ಯಾನಿನಿಂದ 160 ಯೂನಿಟ್ ಉಳಿಯುತ್ತದೆ. ಬೆಲೆಯಲ್ಲಿ ಹೆಚ್ಚಾದ ಸಾವಿರವೋ ಸಾವಿರದ ಐನೂರೋ ಹೆಚ್ಚೆಂದರೆ ಎರಡು ಬೇಸಿಗೆಯಲ್ಲಿ ಮರಳಿ ಬಂತು. ಹೀಗಿದ್ದೂ ಬಾಡಿಗೆಯ ಮನೆಗಳಲ್ಲಿ ಹಳೆಯ ಫ್ಯಾನೇ ಏಕೆ ತೂಗುತ್ತಿದೆ ಎಂದರೆ, ಕೊಳ್ಳುವವರು ಮಾಲಕರು, ಬಿಲ್ಲು ಕಟ್ಟುವವರು ಬಾಡಿಗೆದಾರರು. ನಮ್ಮ ಊರುಗಳಿಂದ ಹಿಂಜವಡಿಗೆ ನೌಕರಿಗೆ ಬಂದ ಹುಡುಗರು ಇದನ್ನು ಚೆನ್ನಾಗಿ ಬಲ್ಲರು. ಸಂಘದ ಸದಸ್ಯರಲ್ಲಿ ಮನೆ ಬಾಡಿಗೆಗೆ ಕೊಟ್ಟವರು ಅನೇಕರಿದ್ದಾರೆ. ಅವರು ಈ ವಾಕ್ಯವನ್ನು ಇನ್ನೊಮ್ಮೆ ಓದಿದರೆ ನಮಗೆ ಬೇಸರವಿಲ್ಲ.

ಒಂದು ಮುಳ್ಳಿನ ಪ್ರಶ್ನೆ ಉಳಿದಿದೆ. ನಮ್ಮ ಹಿರಿಯರು ಕಲಿಸಿದ ಮಿತವ್ಯಯ ಎಂದರೆ ಇದ್ದ ವಸ್ತುವನ್ನು ಸವೆಯುವವರೆಗೆ ಬಳಸುವುದು. ಹರಿದ ಸೀರೆ ಕೌದಿಯಾಗಬೇಕು, ಕೌದಿ ಹರಿದರೆ ಒರಸುವ ಬಟ್ಟೆಯಾಗಬೇಕು. ನಡೆಯುತ್ತಿರುವ ಫ್ರಿಜ್ಜನ್ನು ಮನೆಯಿಂದ ಹೊರಗೆ ಹಾಕುವುದೆಂದರೆ ಆ ಸಂಸ್ಕಾರಕ್ಕೆ ಏಟು ಬಿದ್ದಂತೆಯೇ. ನಾವು ಈ ಬಗ್ಗೆ ಬಹಳ ಯೋಚಿಸಿದೆವು. ಹಿರಿಯರ ಮಾತು ಸುಳ್ಳಲ್ಲ. ಆದರೆ ಅವರ ಮನೆಯ ವಸ್ತುಗಳು ಹಿತ್ತಾಳೆಯ ಕೊಡದಂತೆ, ಇಟ್ಟಲ್ಲಿ ಇರುತ್ತಿದ್ದವು, ಏನನ್ನೂ ಕೇಳುತ್ತಿರಲಿಲ್ಲ. ಫ್ರಿಜ್ಜು ಹಾಗಲ್ಲ. ಅದನ್ನು ಮಾಡಲು ತಗಲುವ ಶಕ್ತಿಗಿಂತ ಅದು ಆಯುಷ್ಯವಿಡೀ ತಿನ್ನುವ ಶಕ್ತಿ ಎಷ್ಟೋ ಹೆಚ್ಚು. ಅದು ಕೊಡವಲ್ಲ, ದನ. ಹಾಗೆಂದು ಎಲ್ಲವನ್ನೂ ಬದಲಿಸುತ್ತ ಹೊರಡುವುದೂ ಮೂರ್ಖತನ. ದಿನಕ್ಕೆ ಹತ್ತು ನಿಮಿಷ ತಿರುಗುವ ಮಿಕ್ಸಿಯನ್ನು, ವಾರಕ್ಕೊಮ್ಮೆ ಕಾಯುವ ಇಸ್ತ್ರಿಯನ್ನು ಕೆಡುವವರೆಗೆ ಇಟ್ಟುಕೊಳ್ಳುವುದೇ ಸರಿ. ಮೊಬೈಲಿನಲ್ಲಂತೂ ತಯಾರಿಕೆಯ ಪಾಲೇ ದೊಡ್ಡದು, ಅದನ್ನು ವರ್ಷ ವರ್ಷ ಬದಲಿಸುವವರಿಗೆ ನಕ್ಷತ್ರಗಳ ಪುಣ್ಯ ದಕ್ಕುವುದಿಲ್ಲ.

ನಕ್ಷತ್ರಗಳ ಬಗ್ಗೆಯೂ ಒಂದು ಮಾತು. 2001ರ ಕಾಯಿದೆಯಂತೆ ಹುಟ್ಟಿದ ಕೇಂದ್ರದ ಇಂಧನ ದಕ್ಷತಾ ಬ್ಯೂರೋ 2006ರಲ್ಲಿ ಈ ಚೀಟಿಗಳನ್ನು ಆರಂಭಿಸಿತು. ಫ್ಯಾನಿಗೆ ಅದು ಕಡ್ಡಾಯವಾದದ್ದು 2023ರಲ್ಲಿ. ಮಟ್ಟವನ್ನು ಆಗಾಗ ಏರಿಸುತ್ತಾರೆ. ಆದ್ದರಿಂದ ಒಂದು ಕಾಲದ ಐದು ನಕ್ಷತ್ರ ಮುಂದೆ ಮೂರಕ್ಕೆ ಇಳಿಯಬಹುದು. ಚೀಟಿಯ ಮೇಲೆ ವರ್ಷ ಅಚ್ಚಾಗಿರುವುದು ಅದಕ್ಕೇ. ದೊಡ್ಡ ಫ್ರಿಜ್ಜಿನ ಐದು ನಕ್ಷತ್ರ ಚಿಕ್ಕದರ ಮೂರಕ್ಕಿಂತ ಹೆಚ್ಚು ತಿನ್ನುವುದೂ ಉಂಟು. ನಕ್ಷತ್ರ ಎಣಿಸುವ ಬದಲು ಅದರ ಕೆಳಗಿನ ಯೂನಿಟ್ಟಿನ ಅಂಕಿಯನ್ನು ಓದಬೇಕು. ಇಂಗ್ಲೆಂಡಿನ ಜೆವನ್ಸ್ ಎಂಬ ಅರ್ಥಶಾಸ್ತ್ರಜ್ಞ 1865ರಲ್ಲೇ ಎಚ್ಚರಿಸಿದ್ದ: ಉಗಿಯಂತ್ರ ಕಡಿಮೆ ಕಲ್ಲಿದ್ದಲಿನಲ್ಲಿ ಓಡತೊಡಗಿದರೆ ಯಂತ್ರಗಳು ಹೆಚ್ಚಿ ಒಟ್ಟು ಕಲ್ಲಿದ್ದಲು ಇನ್ನೂ ಹೆಚ್ಚು ಉರಿಯುತ್ತದೆ ಎಂದು. ಐದು ನಕ್ಷತ್ರದ್ದೆಂಬ ಧೈರ್ಯದಿಂದ ಮಲಗುವ ಕೋಣೆಗೊಂದು ಏ.ಸಿ., ನಡುಮನೆಗೊಂದು ಏ.ಸಿ. ಹಾಕಿಸಿದ ಮನೆಗಳಲ್ಲಿ ಜೆವನ್ಸನೇ ಗೆದ್ದಿದ್ದಾನೆ.

ಆದರೆ ಜೆವನ್ಸನ ಮಾತನ್ನು ಪರ್ವತಿಯ ಇಳಿಜಾರಿನ ಮನೆಗೆ ಒಯ್ಯುವುದು ನಮಗೆ ಸರಿಕಾಣುವುದಿಲ್ಲ. ಅಲ್ಲಿ ಬಳಕೆ ಹೆಚ್ಚಲೇಬೇಕು. ಆ ಮುದುಕಿಯ ಇನ್ಸುಲಿನ್ ತಣ್ಣಗಿರಬೇಕಾದದ್ದು ಭೋಗವಲ್ಲ. ವಿಪರ್ಯಾಸವೆಂದರೆ ಕಡಿಮೆ ತಿನ್ನುವ ಉಪಕರಣ ಯಾರಿಗೆ ಅತ್ಯಗತ್ಯವೋ ಅವರ ಕೈಗೇ ಅದು ಎಟುಕುವುದಿಲ್ಲ. ಅಗ್ಗಕ್ಕೆ ಸಿಕ್ಕಿದ ಹಳೆಯದನ್ನು ತಂದು ತಿಂಗಳು ತಿಂಗಳು ದಂಡ ತೆರುತ್ತಾರೆ. ಎಲ್.ಇ.ಡಿ. ಬಲ್ಬಿನ ವಿಷಯದಲ್ಲಿ ಸರಕಾರ ಇದನ್ನು ಬಿಡಿಸಿತು. 2015ರ ಜನವರಿಯಲ್ಲಿ ಆರಂಭವಾದ ಉಜಾಲಾ ಯೋಜನೆಯಲ್ಲಿ ಕೋಟಿಗಟ್ಟಲೆ ಬಲ್ಬುಗಳನ್ನು ಒಟ್ಟಿಗೆ ಕೊಂಡದ್ದರಿಂದ, ಮುನ್ನೂರು ರೂಪಾಯಿಗೂ ಹೆಚ್ಚಿದ್ದ ಖರೀದಿ ಬೆಲೆ ಎರಡೇ ವರ್ಷಗಳಲ್ಲಿ ನಲವತ್ತರ ಕೆಳಗೆ ಇಳಿಯಿತು. ಇಂದು ಆ ವಸತಿಯ ಮನೆಮನೆಯಲ್ಲೂ ಉರಿಯುವುದು ಎಲ್.ಇ.ಡಿ.ಯೇ. ಫ್ರಿಜ್ಜಿಗೆ ಅಂಥ ಭಾಗ್ಯ ಬಂದಿಲ್ಲ.

ನಾವು ಮಾಡಿದ್ದು ಇಷ್ಟು. ಮಾರ್ಚಿಯಲ್ಲಿ ಹದಿನಾಲ್ಕು ಸಾವಿರ ರೂಪಾಯಿಗೆ, ತಿಂಗಳಿಗೆ ಹತ್ತು ಯೂನಿಟ್ ತಿನ್ನುವ ಒಂದೇ ಬಾಗಿಲಿನ ಚಿಕ್ಕ ಫ್ರಿಜ್ಜನ್ನು ಆಕೆಯ ಮನೆಗೆ ಕಳಿಸಿದೆವು. ಹಳೆಯದನ್ನು ಭಂಗಾರದವರಿಗೆ ಕೊಡಲಿಲ್ಲ. ಅವರು ತಾಮ್ರದ ಕೊಳವೆಗಾಗಿ ಅದನ್ನು ಒಡೆದರೆ ಒಳಗಿನ ಅನಿಲ ಗಾಳಿಗೆ ಹೋಗುತ್ತದೆ. ನಮ್ಮದರಂಥ ಫ್ರಿಜ್ಜುಗಳಲ್ಲಿದ್ದ ಅನಿಲ ಭೂಮಿಯನ್ನು ಬಿಸಿ ಮಾಡುವುದರಲ್ಲಿ ಇಂಗಾಲದ ಡೈಆಕ್ಸೈಡಿಗಿಂತ ಸಾವಿರ ಪಟ್ಟಿಗೂ ಮೀರಿದ್ದು. ಇ-ತ್ಯಾಜ್ಯ ತೆಗೆದುಕೊಳ್ಳುವ ಅಧಿಕೃತರನ್ನು ಹುಡುಕಿ, ನಾಲ್ಕು ಸಲ ಫೋನು ಮಾಡಿ, ಕಡೆಗೆ ಅವರ ಗಾಡಿಗೆ ಹತ್ತಿಸಿದೆವು. ಇಪ್ಪತ್ತು ವರ್ಷ ನಮ್ಮ ಮೊಸರು ಕಾಯ್ದದ್ದು. ಗಾಡಿ ತಿರುವಿನಲ್ಲಿ ಮರೆಯಾಗುವವರೆಗೆ ನೋಡುತ್ತ ನಿಂತೆವು.

ಆದರೆ ಆಕೆ ಹೊಸದನ್ನು ಸುಮ್ಮನೆ ತೆಗೆದುಕೊಳ್ಳಲು ಒಪ್ಪಲಿಲ್ಲ. ಉಳಿದ ಬಿಲ್ಲಿನ ಹಣದಲ್ಲಿ ತಿಂಗಳಿಗೆ ನಾನೂರರಂತೆ ಕೊಡುತ್ತೇನೆಂದು ಹಟ ಹಿಡಿದಳು. ನಾವು ಬೇಡವೆಂದೆವು.

“ದಾನ ಒಂದ್ಸಲ ಆತಲ್ರೀ ಅಕ್ಕಾರ. ಈಗ ವ್ಯವಹಾರ ಮಾಡೂಣು” ಎಂದಳು.

ಅದನ್ನು ತೆಗೆದುಕೊಳ್ಳುವುದು ಸರಿಯೋ, ಬಿಡುವುದು ಸರಿಯೋ ಎಂದು ನಮ್ಮಿಬ್ಬರಲ್ಲಿ ಇನ್ನೂ ವಾದ ನಡೆದಿದೆ. ಈ ಒಂದನೆಯ ತಾರೀಖು ನಾಲ್ಕನೆಯ ಕಂತು ತಂದು ಎಣಿಸಿ ಕೊಟ್ಟಳು. ಜೊತೆಗೆ ಬಿಲ್ಲನ್ನೂ ತಂದಿದ್ದಳು, ಈ ಸಲ ಓದಿ ಹೇಳಿರೆನ್ನಲಿಲ್ಲ; ಅಂಕಿಯ ಮೇಲೆ ತಾನೇ ಬೆರಳಿಟ್ಟು ತೋರಿಸಿದಳು. 94 ಯೂನಿಟ್.